ವಿಕಲ್ಪವಿಧಿಯೂ ತಂತ್ರಾಂಶ ರಚನೆಯೂ

ವ್ಯಾಕರಣದ ಪಾಠದಲ್ಲಿ ವಿದ್ಯಾರ್ಥಿಗಳಿಗೆ ಅತ್ಯಂತ ತೊಡಕಾಗಿ ತೋರುವ ಭಾಗ ಯಾವುದೆಂದರೆ ವಿಕಲ್ಪವಿಧಿಯೆಂದೇ ಹೇಳಬೇಕು. 'ಇದು ಹೀಗೆಯೇ ಆಗತಕ್ಕದ್ದು' ಎಂಬ ನಿತ್ಯವಿಧಿಯನ್ನು ಅವರು ಬಾಯಿಪಾಠ ಮಾಡಿ ಒಪ್ಪಿಸಬಲ್ಲರು. 'ಇದು ಕೂಡದು' ಎಂಬ ನಿಷೇಧವನ್ನೂ ನೆನಪಿಡಬಲ್ಲರು. 'ಆಗಲೂಬಹುದು, ಆಗದೆಯೂ ಇರಬಹುದು' ಎಂದೊಡನೆ ಮಾತ್ರ ಹಿಂದಿನ ಸಾಲಿನಿಂದ ಒಬ್ಬನಾದರೂ ಎದ್ದು, 'ಹಾಗಾದರೆ ಅದನ್ನು ತೀರ್ಮಾನಿಸುವವರು ಯಾರು ಸಾರ್?' ಎಂದು ಕೇಳದೆ ಬಿಡುವುದಿಲ್ಲ. ಪ್ರಶ್ನೆ ಸಾಧುವಾದುದೇ. ಗಣಕಯಂತ್ರಗಳಿಗೆ ತಂತ್ರಾಂಶಗಳನ್ನು ರಚಿಸುವವರನ್ನೂ ಇದೇ ಪ್ರಶ್ನೆ ಬಹುಕಾಲದಿಂದ ಕಾಡುತ್ತಿದೆಯೆಂಬುದು ನನಗೆ ತಿಳಿದುಬಂದದ್ದು ನಮ್ಮ ಶಾಲೆಯ ಪ್ರಶಸ್ತಿಪತ್ರಗಳ ಒಂದು ಪ್ರಸಂಗದಿಂದ. ಆ ಪ್ರಸಂಗವನ್ನು ನಿಮಿತ್ತವಾಗಿಟ್ಟುಕೊಂಡು ಈ ಎರಡು ಶಾಸ್ತ್ರಗಳ ನಡುವಣ ಒಂದು ಸಾಮ್ಯವನ್ನು ವಾಚಕ ಮಹಾಶಯರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಬಹುಮಾನ ವಿತರಣೆಗೆ ಬೇಕಾದ ಪ್ರಶಸ್ತಿಪತ್ರಗಳನ್ನು ಕೈಯಿಂದ ಬರೆಯುವ ಶ್ರಮವನ್ನು ತಪ್ಪಿಸಲೆಂದು, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಚಿಕ್ಕದೊಂದು ತಂತ್ರಾಂಶವನ್ನು ಪ್ರೀತಿಯಿಂದ ಸಿದ್ಧಪಡಿಸಿ ಕಳುಹಿಸಿದರು. ಹೆಸರುಗಳ ಪಟ್ಟಿಯನ್ನು ಕೊಟ್ಟರೆ ಸಾಕು, ಪತ್ರದ ಚಿತ್ರದ ಮೇಲೆ ಮಗುವಿನ ಹೆಸರನ್ನೂ ಊರನ್ನೂ ಅದು ತಾನೇ ಬರೆಯುತ್ತಿತ್ತು. ಶಾಲೆಯ ಯಂತ್ರದಲ್ಲಿ ಅದನ್ನು ಸ್ಥಾಪಿಸಿ ಮೊದಲನೆಯ ಪತ್ರವನ್ನು ತೆಗೆದು ನೋಡಿದೆವು. ಊರಿನ ಹೆಸರು 'ಚಾಮರಾಜನಗರ' ಎಂದಿತ್ತು. ತಲೆಕಟ್ಟಿಗೂ ದೀರ್ಘಕ್ಕೂ ಕೂಡಿಕೆ ಅಷ್ಟು ನಯವಾಗಿರಲಿಲ್ಲ. ಆದರೂ ಓದಲು ಯಾವ ಅಡ್ಡಿಯೂ ಇರಲಿಲ್ಲ. ಸಂತೋಷಪಟ್ಟು ಉಳಿದ ಪತ್ರಗಳನ್ನೆಲ್ಲ ಒಮ್ಮೆಗೇ ಮುದ್ರಿಸಿದೆವು. ಸಭೆಯಲ್ಲಿ ಅವು ವಿತರಣೆಯೂ ಆದವು. ಗುಂಡ್ಲುಪೇಟೆಯ ಕಡೆಯ ಮಕ್ಕಳ ಪತ್ರಗಳಲ್ಲಿ ಊರು 'ಗುಂಡ್‌ಲುಪೇಟೆ' ಎಂದಾಗಿತ್ತು. ಒತ್ತಕ್ಷರವಿದ್ದ ಹೆಸರುಗಳೆಲ್ಲವೂ ಹೀಗೆಯೇ ಮುರಿದುಬಿದ್ದಿದ್ದವು. 'ಶ್ರೀ' ಎಂಬುದು 'ಶ್‌ರೀ' ಆಗಿತ್ತು.

ಮುದ್ರಣದೋಷವೆಂದು ನಕ್ಕು ಬಿಡಬಹುದಾಗಿತ್ತು. ಆದರೆ ಎರಡು ದಿನಗಳ ಮೇಲೆ, ಹೆಸರಿನಲ್ಲಿ ದ್ವಿತ್ವಾಕ್ಷರವುಳ್ಳ ಏಳನೆಯ ತರಗತಿಯ ಬಾಲಕಿಯೊಬ್ಬಳು ತನ್ನ ಕನ್ನಡ ನೋಟುಪುಸ್ತಕದ ಮೇಲಿನ ಹೆಸರನ್ನು ಪ್ರಶಸ್ತಿಪತ್ರದಲ್ಲಿದ್ದಂತೆಯೇ ಒತ್ತನ್ನು ಬಿಡಿಸಿ ತಿದ್ದಿಕೊಂಡು ಬಂದಿದ್ದಳು. ಏಕಮ್ಮ ಎಂದು ಕೇಳಿದರೆ, 'ಅಚ್ಚಲ್ಲಿ ಹಂಗೇ ಅದಲ್ಲ ಸಾರ್, ಅದೇ ಸರಿ ಇರ್ಬೇಕು ಅಂದ್ಕಂಡೆ' ಎಂದಳು. ಅಚ್ಚಾದದ್ದೇ ಪ್ರಮಾಣವೆಂದು ಆ ಮಕ್ಕಳಿಗೆ ಹೇಳಿಕೊಟ್ಟವರು ನಾವೇ ಅಲ್ಲವೇ? ಆ ದಿನ ಸಂಜೆಯೇ ಬೆಂಗಳೂರಿಗೆ ದೂರವಾಣಿ ಮಾಡಿದೆ.

ಆ ಹಳೆಯ ವಿದ್ಯಾರ್ಥಿ ಅತೀವ ಸಂಕೋಚದಿಂದ, 'ಗುರುಗಳೇ, ನನ್ನ ಯಂತ್ರದಲ್ಲಿ ಎಲ್ಲವೂ ಸರಿಯಾಗಿಯೇ ಬರುತ್ತಿತ್ತು' ಎಂದರು. ಅದು ಸತ್ಯವೂ ಆಗಿತ್ತು. ಒಂದೇ ತಂತ್ರಾಂಶ, ಒಂದೇ ಪಟ್ಟಿ. ಒಂದು ಯಂತ್ರದಲ್ಲಿ ಸಾಧುರೂಪ, ಇನ್ನೊಂದರಲ್ಲಿ ಅಪರೂಪ. ಇದರ ಕಾರಣವನ್ನು ತಿಳಿಯಬೇಕಾದರೆ ಗಣಕದಲ್ಲಿ ನಮ್ಮ ಅಕ್ಷರಗಳ ಸ್ಥಿತಿ ಹೇಗಿದೆಯೆಂಬುದನ್ನು ಮೊದಲು ನೋಡಬೇಕು.

ಗಣಕವು ಸಂಯುಕ್ತಾಕ್ಷರಗಳನ್ನು ನಾವು ಬರೆಯುವ ರೂಪದಲ್ಲಿ ನೆನಪಿಡುವುದಿಲ್ಲ. 1991ರಲ್ಲಿ ಮೊದಲ ಆವೃತ್ತಿ ಪ್ರಕಟವಾದ ಯೂನಿಕೋಡ್ ಎಂಬ ಸಂಕೇತಕ್ರಮದಲ್ಲಿ ಕನ್ನಡಕ್ಕೆಂದು 128 ಸ್ಥಾನಗಳ ಒಂದು ವಿಭಾಗವಿದೆ. ಸ್ವರಗಳು, ವ್ಯಂಜನಗಳು, ಸ್ವರಚಿಹ್ನೆಗಳು, ಹಲಂತದ ಗುರುತು, ಅನುಸ್ವಾರ, ವಿಸರ್ಗ ಇವೆಲ್ಲ ಅಲ್ಲಿ ಬಿಡಿಬಿಡಿಯಾಗಿ ಕುಳಿತಿವೆ. ಒತ್ತುಗಳಿಗೆ ಪ್ರತ್ಯೇಕ ಸ್ಥಾನವಿಲ್ಲ. 'ಚಾಮರಾಜನಗರ' ಎಂಬುದು 9 ಸಂಕೇತಗಳ ಸಾಲು. ಅದರಲ್ಲಿ ಹಲಂತವೇ ಇಲ್ಲ. 'ಗುಂಡ್ಲುಪೇಟೆ' ಎಂಬುದು 11 ಸಂಕೇತಗಳ ಸಾಲು: ಗಕಾರ, ಉಕಾರದ ಚಿಹ್ನೆ, ಸೊನ್ನೆ, ಡಕಾರ, ಹಲಂತ, ಲಕಾರ, ಮತ್ತೆ ಉಕಾರದ ಚಿಹ್ನೆ, ಹೀಗೆ. ಡಕಾರದ ಮುಂದೆ ಹಲಂತವೂ ಅದರ ಮುಂದೆ ಲಕಾರವೂ ಬಂದಾಗ, ಲಕಾರವನ್ನು ಒತ್ತಾಗಿಸಿ ಡಕಾರದ ಅಡಿಗೆ ಸೇರಿಸಿ, ಉಕಾರದ ಚಿಹ್ನೆಯನ್ನು ಮೇಲಿನ ಡಕಾರಕ್ಕೆ ತಗುಲಿಸಬೇಕು. 'ಧರ್ಮ' ಎಂಬಲ್ಲಿ ಸಾಲಿನಲ್ಲಿ ಮೊದಲು ಬರುವ ರೇಫವನ್ನು ಎತ್ತಿ ಮಕಾರದ ಆಚೆಗೆ ಅರ್ಕಾವತ್ತಾಗಿ ಇಡಬೇಕು. ಹಿಂದೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರ ಕೈಯೇ ಈ ಕೆಲಸವನ್ನೆಲ್ಲ ಮಾಡುತ್ತಿತ್ತು. ಈಗ ಅದನ್ನು ಮಾಡುವುದಕ್ಕೆ ಪ್ರತ್ಯೇಕವಾದ ತಂತ್ರಾಂಶಗಳಿವೆ. ಅವುಗಳಲ್ಲಿ ಬಹುಪ್ರಚಾರದಲ್ಲಿರುವುದು ಹಾರ್ಫ್‌ಬಜ್ ಎಂಬುದು. ಆಂಡ್ರಾಯ್ಡ್ ದೂರವಾಣಿಗಳಲ್ಲಿಯೂ, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಮೊದಲಾದವುಗಳಲ್ಲಿಯೂ ಕನ್ನಡವು ಕನ್ನಡವಾಗಿ ಕಾಣುವುದು ಇದರ ಬಲದಿಂದ.

ನಮ್ಮ ಪ್ರಶಸ್ತಿಪತ್ರದ ತಂತ್ರಾಂಶವು ಪೈಥಾನ್ ಭಾಷೆಯದು. ಚಿತ್ರದ ಮೇಲೆ ಅಕ್ಷರ ಬರೆಯುವುದಕ್ಕೆ ಅದು ಪಿಲ್ಲೋ ಎಂಬ ಲೈಬ್ರರಿಯನ್ನು ಆಶ್ರಯಿಸಿತ್ತು. ಪಿಲ್ಲೋವಿನಲ್ಲಿ ಅಕ್ಷರ ಬರೆಯುವ ಮಾರ್ಗಗಳು ಎರಡು. ಮೊದಲನೆಯದು ಸಂಕೇತಗಳನ್ನು ಬಂದ ಕ್ರಮದಲ್ಲಿಯೇ ಒಂದರ ಪಕ್ಕದಲ್ಲೊಂದು ಇಟ್ಟುಕೊಂಡು ಹೋಗುವ ಸರಳಮಾರ್ಗ. ಇಂಗ್ಲಿಷಿಗೆ ಅದು ಸಾಕು. ಎರಡನೆಯದು ರಕ್ಮ್ ಎಂಬ ಇನ್ನೊಂದು ಲೈಬ್ರರಿಯ ಮೂಲಕ ಹಾರ್ಫ್‌ಬಜ್‌ನ ನೆರವು ಪಡೆಯುವ ಮಾರ್ಗ. 2017ರಲ್ಲಿ ಬಂದ 4.2.0 ಆವೃತ್ತಿಯಿಂದ ಇದು ಪಿಲ್ಲೋವಿನಲ್ಲಿದೆ. ರಕ್ಮ್ ಎಂದರೆ ಅರಬ್ಬಿಯಲ್ಲಿ ಬರಹವೆಂದೂ ಅಂಕಿಯೆಂದೂ ಅರ್ಥವಂತೆ. ನಮ್ಮ ಶಾನುಭೋಗರ ಕಡತಗಳ 'ರಕಮು' ಅದರ ಬಂಧುವೇ ಸರಿ. ಈ ರಕ್ಮ್ ತಾನೂ ಫ್ರೀಬೀಡಿ ಎಂಬ ಮತ್ತೊಂದು ಲೈಬ್ರರಿಯನ್ನು ಅಪೇಕ್ಷಿಸುತ್ತದೆ. ಫ್ರೀಬೀಡಿಯ ಕೆಲಸ ಬಲದಿಂದ ಎಡಕ್ಕೆ ಬರೆಯುವ ಉರ್ದು, ಅರಬ್ಬಿ, ಹೀಬ್ರೂಗಳಿಗೆ ಸಂಬಂಧಿಸಿದ್ದು. ಕನ್ನಡದ ಒತ್ತಿಗೂ ಅದಕ್ಕೂ ಯಾವ ನಂಟೂ ಇಲ್ಲ. 2021ರ 8.2.0 ಆವೃತ್ತಿಯಿಂದ ಸಿದ್ಧರೂಪದ ಪಿಲ್ಲೋವಿನೊಡನೆ ರಕ್ಮ್ ಕೂಡಿಯೇ ಬರುವಂತಾಯಿತು. ಆದರೆ ಫ್ರೀಬೀಡಿಯನ್ನು ಮಾತ್ರ ಓಡುವ ಹೊತ್ತಿನಲ್ಲಿ ಆಯಾ ಯಂತ್ರದಲ್ಲಿ ಹುಡುಕಿಕೊಳ್ಳುವ ಏರ್ಪಾಡಾಯಿತು. ಬೆಂಗಳೂರಿನ ಲಿನಕ್ಸ್ ಯಂತ್ರದಲ್ಲಿ ಅದಿತ್ತು. ನಮ್ಮ ಶಾಲೆಯ ವಿಂಡೋಸ್ ಯಂತ್ರದಲ್ಲಿ ಅದನ್ನು ಯಾರೂ ತಂದಿಟ್ಟಿರಲಿಲ್ಲ. ಉರ್ದುವಿಗೆ ಬೇಕಾದ ಉಪಕರಣವೊಂದು ಇಲ್ಲದ ಕಾರಣ ಗುಂಡ್ಲುಪೇಟೆಯ ಒತ್ತು ಬಿದ್ದುಹೋಯಿತು!

ಇದು ಹಾಗಿರಲಿ. ಉಪಕರಣವಿಲ್ಲದಿರುವುದು ದೊಡ್ಡ ತಪ್ಪಲ್ಲ. ಅದು ಇಲ್ಲವೆಂಬುದನ್ನು ಕಂಡ ತಂತ್ರಾಂಶವು ಯಾರಿಗೂ ಹೇಳದೆ ಸರಳಮಾರ್ಗಕ್ಕೆ ಇಳಿದು ಮುಂದುವರಿದದ್ದೇ ವಿಚಾರಾರ್ಹವಾದುದು. ಇಂತಹ ನಿರ್ಣಯಗಳನ್ನು ತಂತ್ರಾಂಶಗಳಿಗೆ ಕಲಿಸಿದವರು ಯಾರು, ಎಂದಿನಿಂದ ಎಂದು ಕೇಳಿ ತಿಳಿದುಕೊಂಡೆ.

ತಂತ್ರಾಂಶದ ಮೂಲಪಾಠವನ್ನು ಓಡುವ ರೂಪಕ್ಕೆ ತರುವ ಏರ್ಪಾಡಿಗೆ ಬಿಲ್ಡ್ ಸಿಸ್ಟಂ, ಅಂದರೆ ರಚನಾವ್ಯವಸ್ಥೆಯೆಂದು ಹೆಸರು. 1991ರಲ್ಲಿ ಡೇವಿಡ್ ಮೆಕೆಂಜಿ ಎಂಬುವರು ಆರಂಭಿಸಿದ ಆಟೋಕಾನ್ಫ್ ಇವುಗಳಲ್ಲಿ ಪ್ರಸಿದ್ಧವಾದುದು. ಆಗಿನ ಯುನಿಕ್ಸ್ ಯಂತ್ರಗಳು ಒಂದೊಂದೂ ಒಂದೊಂದು ಬಗೆ. ಆದ್ದರಿಂದ ರಚನೆಗೆ ಮುನ್ನ ಅದು ಯಂತ್ರವನ್ನು ಪರೀಕ್ಷಿಸುತ್ತದೆ. 'ನಿನ್ನ ಹೆಸರೇನು' ಎಂದು ಕೇಳಿ ಊಹಿಸುವುದಿಲ್ಲ. ನಾಲ್ಕಾರು ಸಾಲಿನ ಪುಟ್ಟ ಕಾರ್ಯಕ್ರಮವೊಂದನ್ನು ಬರೆದು, ಕಂಪೈಲರಿಗೆ ಒಪ್ಪಿಸಿ, ಅದು ಸಿದ್ಧವಾದರೆ 'ಉಂಟು' ಎಂದೂ ಆಗದಿದ್ದರೆ 'ಇಲ್ಲ' ಎಂದೂ ಗುರುತು ಮಾಡಿಕೊಳ್ಳುತ್ತದೆ. ಶಬ್ದಪ್ರಮಾಣಕ್ಕಿಂತ ಪ್ರತ್ಯಕ್ಷವೇ ಬಲವತ್ತರವೆಂಬ ಈ ನಿಲುವು ನನಗೆ ಬಹಳ ಹಿಡಿಸಿತು. ಪರೀಕ್ಷೆಯ ಫಲಕ್ಕನುಸಾರವಾಗಿ ಐಚ್ಛಿಕ ಸೌಲಭ್ಯಗಳು ಸೇರುತ್ತವೆ, ಅಥವಾ ಬಿಟ್ಟುಹೋಗುತ್ತವೆ. ರಚಿಸುವವನು 'ಇದು ಬೇಕು', 'ಇದು ಬೇಡ' ಎಂದು ಬಾಯಿಬಿಟ್ಟು ಹೇಳುವುದಕ್ಕೂ ಅವಕಾಶವಿದೆ. ಅವನು ಏನನ್ನೂ ಹೇಳದಿದ್ದರೆ ಏನಾಗಬೇಕೆಂಬುದೇ ತಕರಾರು. ಫಿನ್ಲೆಂಡಿನ ಯುಸಿ ಪಕ್ಕಾನೆನ್ ಅವರು 2013ರಲ್ಲಿ ಹೊರತಂದ ಮೆಸಾನ್ ಎಂಬ ವ್ಯವಸ್ಥೆಯಲ್ಲಿ 2018ರಿಂದ ಇದಕ್ಕೆ ಮೂರು ಸ್ಥಿತಿಗಳನ್ನು ಸ್ಪಷ್ಟವಾಗಿ ಹೆಸರಿಸಲಾಗಿದೆ: ಇರಲೇಬೇಕು, ಇರಕೂಡದು, ಮತ್ತು ಸಿಕ್ಕರೆ ಇರಲಿ.

ಮಠದ ದಾಸೋಹವನ್ನು ಬಲ್ಲವರಿಗೆ ಈ ಮೂರನ್ನು ವಿವರಿಸುವ ಅಗತ್ಯವಿಲ್ಲ. ದಿನನಿತ್ಯದ ಊಟಕ್ಕೆ ಅಡುಗೆಯವರು ಉಗ್ರಾಣವನ್ನು ನೋಡುತ್ತಾರೆ. ಬೆಲ್ಲವಿದ್ದರೆ ಪಾಯಸ, ಇಲ್ಲದಿದ್ದರೆ ಇಲ್ಲ, ಯಾರೂ ಕೇಳುವುದಿಲ್ಲ. ಜಾತ್ರೆಯ ದಿನ ಹಾಗಲ್ಲ. ಪಾಯಸವೆಂದು ಗೊತ್ತಾದ ಮೇಲೆ ಬೆಲ್ಲವಿಲ್ಲದಿದ್ದರೆ ಒಲೆ ಹಚ್ಚುವ ಮೊದಲೇ ಬಂದು ಹೇಳಬೇಕು. ಭಕ್ತರು ಪಂಕ್ತಿಯಲ್ಲಿ ಕುಳಿತ ಮೇಲೆ ಸಪ್ಪೆ ಗಂಜಿಯನ್ನು ಪಾಯಸದ ದೊನ್ನೆಯಲ್ಲಿ ಬಡಿಸಿ ಸುಮ್ಮನಿರುವುದು ಅಡುಗೆಯವರಿಗೆ ಒಪ್ಪುವ ಮಾತಲ್ಲ. ಉಪ್ಪಿನ ವಿಷಯದಲ್ಲಂತೂ ವಿಕಲ್ಪವೇ ಇಲ್ಲ. ಪಿಲ್ಲೋವಿನ ರಚನೆಯಲ್ಲಿ ಇಂತಹ ಉಪ್ಪು ಎರಡು: ಜೆಪೆಗ್ ಚಿತ್ರಗಳ ಲೈಬ್ರರಿ ಮತ್ತು ಜಡ್‌ಲಿಬ್ ಎಂಬ ಸಂಕೋಚನ ಲೈಬ್ರರಿ. ಬೇಡವೆಂದು ಬಾಯಿಬಿಟ್ಟು ಹೇಳದ ಹೊರತು ಅವಿಲ್ಲದೆ ರಚನೆ ಮುಂದುವರಿಯದು. ರಕ್ಮ್ ಆದರೋ ಬೆಲ್ಲದ ಸಾಲಿಗೆ ಸೇರಿದೆ. ರಚಿಸುವವನು 'ರಕ್ಮ್ ಬೇಕೇ ಬೇಕು' ಎಂದು ಹೇಳಿದರೆ ಮಾತ್ರ, ಅದು ಸಿಗದಾಗ ರಚನೆ ನಿಂತು ದೋಷವನ್ನು ವರದಿ ಮಾಡುತ್ತದೆ.

ಈಗ ನಮ್ಮ ಶಾಸ್ತ್ರಕ್ಕೆ ಬರೋಣ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ವಿಕಲ್ಪವನ್ನು ಸೂಚಿಸಲು 'ವಾ', 'ವಿಭಾಷಾ', 'ಅನ್ಯತರಸ್ಯಾಂ' ಎಂಬ ಮೂರು ಶಬ್ದಗಳು ಬರುತ್ತವೆ. ಮೂರೂ ಒಂದೇ ಅರ್ಥದವೆಂದು ನಮ್ಮ ಗುರುಪರಂಪರೆ. ಪಾಲ್ ಕಿಪಾರ್ಸ್ಕಿ ಎಂಬ ಭಾಷಾಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ಅವು ಬೇರೆಬೇರೆಯೆಂದೂ, 'ವಾ' ಎಂದರೆ ಆಗುವುದೇ ಲೇಸು, 'ವಿಭಾಷಾ' ಎಂದರೆ ಆಗದಿರುವುದೇ ಲೇಸು, 'ಅನ್ಯತರಸ್ಯಾಂ' ಎಂದರೆ ಎರಡೂ ಸಮ ಎಂದೂ ವಾದಿಸಿದರು. ಆ ವಾದವನ್ನು ಪೂರ್ತಿಯಾಗಿ ಒಪ್ಪಲು ನನ್ನ ಸಂಪ್ರದಾಯ ಬಿಡದಾದರೂ, ವಿಕಲ್ಪವೆಂಬುದು ಒಂದೇ ಬಣ್ಣದ್ದಲ್ಲವೆಂಬ ಅವರ ಅಂಶ ತಂತ್ರಾಂಶದವರಿಗೆ ಚೆನ್ನಾಗಿ ಉಪಯೋಗಕ್ಕೆ ಬರುವಂತಹುದು.

ಆದರೆ ನಮ್ಮ ಪ್ರಸಂಗಕ್ಕೆ ಇದಕ್ಕಿಂತಲೂ ಹತ್ತಿರವಾದ ಪರಿಭಾಷೆಯೊಂದು ವ್ಯಾಖ್ಯಾನಕಾರರಲ್ಲಿದೆ: 'ವ್ಯವಸ್ಥಿತವಿಭಾಷಾ'. ಸೂತ್ರವು ಮೇಲುನೋಟಕ್ಕೆ ವಿಕಲ್ಪವನ್ನೇ ಹೇಳುತ್ತದೆ. ಆದರೆ ಆ ವಿಕಲ್ಪವು ಎಲ್ಲ ಕಡೆಯೂ ಇಚ್ಛಾನುಸಾರವಲ್ಲ. ಕೆಲವು ಲಕ್ಷ್ಯಗಳಲ್ಲಿ ಅದು ನಿತ್ಯ, ಕೆಲವೆಡೆ ಅದಕ್ಕೆ ಪ್ರವೃತ್ತಿಯೇ ಇಲ್ಲ. 'ಗೋ' ಶಬ್ದಕ್ಕೆ 'ಅಗ್ರ' ಸೇರಿದಾಗ 'ಗವಾಗ್ರ' ಎಂದೂ ಆಗಬಹುದು, ಹಾಗಾಗದೆಯೂ ಇರಬಹುದು. ಅದೇ ಸೂತ್ರದಿಂದ 'ಅಕ್ಷ' ಸೇರಿ ಕಿಟಕಿಯೆಂಬ ಅರ್ಥ ಬರುವಲ್ಲಿ 'ಗವಾಕ್ಷ' ಎಂಬ ಒಂದೇ ರೂಪ. ಅಲ್ಲಿ ಇಚ್ಛೆಗೆ ಎಡೆಯಿಲ್ಲ. (ನಮ್ಮ ಶಾಲೆಯ ಯಂತ್ರದಲ್ಲಿದ್ದುದೂ ಗವಾಕ್ಷಗಳೆಂಬ ಅರ್ಥದ ವ್ಯವಸ್ಥೆಯೇ ಎಂಬುದು ಬೇರೆ ಮಾತು.) ಅಕ್ಷರಜೋಡಣೆಯ ಸೌಲಭ್ಯವೂ ಇಂತಹ ವ್ಯವಸ್ಥಿತವಿಭಾಷೆಯೆಂದೇ ನನ್ನ ಮತ. ತಂತ್ರಾಂಶವನ್ನು ರಚಿಸುವವನ ದೃಷ್ಟಿಗೆ ಅದು ಐಚ್ಛಿಕ. ಇಂಗ್ಲಿಷಿನಲ್ಲಿ ಬರೆಯುವವನಿಗೆ ಅದಿಲ್ಲದಿದ್ದರೂ ನಷ್ಟ ತಿಳಿಯದು. ಕನ್ನಡದಲ್ಲಿ ಬರೆಯುವವನಿಗೆ ಅದು ನಿತ್ಯ. ಯಂತ್ರದಲ್ಲಿ ಏನಿದೆ ಎಂಬುದನ್ನು ಮಾತ್ರ ನೋಡಿ, ಬರೆಯಬೇಕಾದುದು ಯಾವ ಲಿಪಿ ಎಂಬುದನ್ನು ನೋಡದೆ ತೀರ್ಮಾನಿಸಿದರೆ, ಲಕ್ಷ್ಯವನ್ನು ನೋಡದೆ ಲಕ್ಷಣವನ್ನು ಪ್ರಯೋಗಿಸಿದಂತಾಯಿತು.

ಕನ್ನಡದಲ್ಲಿ ನಿಜವಾದ ವಿಕಲ್ಪವೂ ಇಲ್ಲದಿಲ್ಲ. ರೇಫವನ್ನು ಅರ್ಕಾವತ್ತಾಗಿ 'ಕರ್ಮ' ಎಂದು ಬರೆಯುವುದುಂಟು. ರಕಾರವನ್ನೇ ಮೇಲಿಟ್ಟು ಮಕಾರವನ್ನು ಒತ್ತಾಗಿಸಿ 'ಕರ‍್ಮ' ಎಂದು ಬರೆಯುವುದೂ ಉಂಟು. ಎರಡೂ ಸಾಧು. ಯೂನಿಕೋಡಿನಲ್ಲಿ ಕಣ್ಣಿಗೆ ಕಾಣದ ಒಂದು ಕೂಡುಗುರುತನ್ನು ಸೇರಿಸಿ ಎರಡನೆಯದನ್ನು ಕೇಳಿ ಪಡೆಯಬಹುದು. ಇಲ್ಲಿ ಆಯ್ಕೆ ಬರೆಯುವವನ ಕೈಯಲ್ಲಿದೆ, ಅವನಿಗೆ ಗೊತ್ತಿದ್ದೇ ನಡೆಯುತ್ತದೆ. 'ಗುಂಡ್‌ಲುಪೇಟೆ'ಯನ್ನಾದರೋ ಯಾರೂ ಆಯ್ದುಕೊಂಡಿರಲಿಲ್ಲ.

ಪರೀಕ್ಷೆಯನ್ನೇ ನಂಬಿ ಮೌನವಾಗಿ ತೀರ್ಮಾನಿಸುವ ಪದ್ಧತಿಯ ಅಪಾಯ ಕನ್ನಡದ ಒತ್ತಿಗೆ ಮಾತ್ರ ಸೀಮಿತವಲ್ಲ. ಲಿನಕ್ಸ್ ಯಂತ್ರಗಳಲ್ಲಿ ಬಹುಮಟ್ಟಿಗೆ ಎಲ್ಲೆಡೆಯೂ ಇರುವ ಎಕ್ಸ್‌ಜಡ್ ಎಂಬ ಸಂಕೋಚನ ತಂತ್ರಾಂಶದಲ್ಲಿ ಕಳ್ಳಬಾಗಿಲೊಂದನ್ನು ಅಡಗಿಸಲಾಗಿದೆಯೆಂಬುದನ್ನು 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬುವರು ಬಯಲಿಗೆಳೆದರು. ಆಮೇಲೆ ಮೂಲಪಾಠವನ್ನು ಶೋಧಿಸಿದಾಗ ಇನ್ನೊಂದು ಸಂಗತಿ ಹೊರಬಿದ್ದಿತು. ತಂತ್ರಾಂಶವು ತನ್ನ ಎಲ್ಲೆಯನ್ನು ಮೀರದಂತೆ ಕಟ್ಟಿಹಾಕುವ ಲ್ಯಾಂಡ್‌ಲಾಕ್ ಎಂಬ ರಕ್ಷಣಾ ಸೌಲಭ್ಯವೊಂದು ಅದರಲ್ಲಿ ಐಚ್ಛಿಕವಾಗಿತ್ತು. ಸಿಮೇಕ್ ಎಂಬ ರಚನಾವ್ಯವಸ್ಥೆಗಾಗಿ ಬರೆದಿದ್ದ ಅದರ ಪರೀಕ್ಷಾ ಕಾರ್ಯಕ್ರಮದಲ್ಲಿ, ಸಾಲಿನ ಮೊದಲಲ್ಲಿ ಒಂಟಿಯಾಗಿ ಒಂದು ಚುಕ್ಕೆಯನ್ನು ಇಡಲಾಗಿತ್ತು. ಆ ಚುಕ್ಕೆಯಿಂದಾಗಿ ಪರೀಕ್ಷೆ ಯಾವ ಯಂತ್ರದಲ್ಲಿಯೂ ಗೆಲ್ಲುವಂತಿರಲಿಲ್ಲ. ವ್ಯವಸ್ಥೆಯು 'ಈ ಯಂತ್ರದಲ್ಲಿ ಅದಿಲ್ಲ' ಎಂದು ಬಗೆದು ರಕ್ಷಣೆಯನ್ನು ಸದ್ದಿಲ್ಲದೆ ಬಿಟ್ಟು ರಚನೆಯನ್ನು ಮುಗಿಸುತ್ತಿತ್ತು. ಆ ಬದಲಾವಣೆ ಬಂದದ್ದೂ ಕಳ್ಳಬಾಗಿಲನ್ನಿಟ್ಟ ಹೆಸರಿನಿಂದಲೇ. ಮೂಲ ಕರ್ತೃ ಲಾಸೆ ಕೊಲಿನ್ ಮರುದಿನವೇ ಆ ಚುಕ್ಕೆಯನ್ನು ಅಳಿಸಿದರು. ಬಿಂದುವೊಂದು ಹೆಚ್ಚಾದರೆ ಅರ್ಥವೇ ಕೆಡುತ್ತದೆಂದು ನಾವು ಉಕ್ತಲೇಖನದಲ್ಲಿ ಅಂಕ ಕಳೆಯುವುದನ್ನು ಮಕ್ಕಳು ಕಾಠಿಣ್ಯವೆಂದು ಭಾವಿಸುತ್ತಾರೆ!

'ಪರೀಕ್ಷೆ ಸೋತಿತು' ಎಂಬುದೂ 'ವಸ್ತು ಇಲ್ಲ' ಎಂಬುದೂ ಒಂದೇ ಅಲ್ಲ. ನ್ಯಾಯಶಾಸ್ತ್ರದಲ್ಲಿ ಅನುಪಲಬ್ಧಿಯಿಂದ ಅಭಾವವನ್ನು ತಿಳಿಯಬೇಕಾದರೆ, ಇದ್ದಿದ್ದರೆ ಕಾಣಬೇಕಾಗಿತ್ತು ಎಂಬ ಯೋಗ್ಯತೆಯನ್ನು ಮೊದಲು ತೋರಿಸಬೇಕೆನ್ನುತ್ತಾರೆ. ಕತ್ತಲೆಯಲ್ಲಿ ಕೊಡ ಕಾಣಲಿಲ್ಲವೆಂದರೆ ಕೊಡವಿಲ್ಲವೆಂದಲ್ಲ. ಇಂತಹ ತನಗೆ ತಾನೇ ಆಗುವ ನಿರ್ಣಯಗಳನ್ನು ಜೆಂಟೂ ಎಂಬ ಲಿನಕ್ಸ್ ಬಳಗದವರು ಬಹಳ ಹಿಂದಿನಿಂದಲೂ ಆಕ್ಷೇಪಿಸುತ್ತ ಬಂದಿದ್ದಾರೆ. ಫೆಡೋರಾ ಬಳಗದವರು ಮೆಸಾನ್‌ನಿಂದ ರಚಿಸುವಾಗ 'ಸಿಕ್ಕರೆ ಇರಲಿ' ಎಂಬುದನ್ನೆಲ್ಲ ಒಂದೇ ಮಾತಿನಿಂದ 'ಇರಲೇಬೇಕು' ಎಂದು ಮಾರ್ಪಡಿಸಿಕೊಳ್ಳುತ್ತಾರೆ. ಚಲಚ್ಚಿತ್ರಗಳನ್ನು ಸಂಸ್ಕರಿಸುವ ಎಫ್‌ಎಫ್‌ಎಂಪೆಗ್ ಇನ್ನೂ ಕಟ್ಟುನಿಟ್ಟು. 2023ರ 6.1 ಆವೃತ್ತಿಯಿಂದ, ಚಿತ್ರದ ಮೇಲೆ ಅಕ್ಷರ ಬರೆಯುವ ಅದರ ಭಾಗವು ಹಾರ್ಫ್‌ಬಜ್ ಇಲ್ಲದಿದ್ದರೆ ಸೇರುವುದೇ ಇಲ್ಲ. ಮುರಿದ ಅಕ್ಷರವನ್ನು ಬರೆಯುವುದಕ್ಕಿಂತ ಬರೆಯದಿರುವುದೇ ಮೇಲೆಂಬ ಈ ನಿಲುವಿಗೆ ಕನ್ನಡ ಪಂಡಿತನಾಗಿ ನನ್ನ ಸಂಪೂರ್ಣ ಸಮ್ಮತಿಯಿದೆ.

ಎದುರು ಪಕ್ಷದಲ್ಲಿಯೂ ಹುರುಳಿಲ್ಲದಿಲ್ಲ. ಎಲ್ಲವನ್ನೂ ಕಡ್ಡಾಯ ಮಾಡಿದರೆ ಹಳೆಯ ಯಂತ್ರಗಳಲ್ಲಿ ಯಾವ ತಂತ್ರಾಂಶವೂ ಸಿದ್ಧವಾಗದು. ದಾನಿಗಳ ಕೃಪೆಯಿಂದ ಬಂದ ಹತ್ತು ವರ್ಷದ ಯಂತ್ರಗಳಿಂದ ನಡೆಯುವ ಗ್ರಾಮಾಂತರ ಶಾಲೆಗಳಿಗೆ 'ಸಿಕ್ಕರೆ ಇರಲಿ' ಎಂಬ ಔದಾರ್ಯವೇ ಆಸರೆ. ಹಳೆಯ ವಿದ್ಯಾರ್ಥಿಯೊಡನೆ ಈ ವಿಷಯವಾಗಿ ಬಹಳ ಹೊತ್ತು ಚರ್ಚಿಸಿದೆ. ರಚಿಸುವ ಊರು ಒಂದು, ಬಳಸುವ ಊರು ಇನ್ನೊಂದಾದುದರಿಂದ ಬೆಂಗಳೂರಿನ ಪರೀಕ್ಷೆ ನಮ್ಮ ಶಾಲೆಗೆ ಪ್ರಮಾಣವಾಗಲಾರದು ಎಂಬಲ್ಲಿ ಇಬ್ಬರೂ ಒಂದಾದೆವು. 'ರಕ್ಮ್ ಇದೆಯೇ ಎಂದು ಪಿಲ್ಲೋವನ್ನೇ ಕೇಳುವ ಉಪಾಯವಿದೆ ಗುರುಗಳೇ, ಮೊದಲು ಅದನ್ನು ಕೇಳಿಸುತ್ತೇನೆ' ಎಂದರು. 'ಕೇಳಿದರೆ ಸಾಲದಪ್ಪ, ಬರೆಯಿಸಿ ನೋಡು' ಎಂದೆ.

ಈಗಿನ ಆವೃತ್ತಿಯಲ್ಲಿ ಎರಡೂ ಇವೆ. ಪತ್ರಗಳನ್ನು ಬರೆಯುವ ಮೊದಲು ತಂತ್ರಾಂಶವು ರಕ್ಮ್ ಇದೆಯೇ ಎಂದು ಕೇಳುತ್ತದೆ. ಅನಂತರ 'ಡ್ಲು' ಎಂಬುದನ್ನು ಕೂಡಿಸಿ ಬರೆದು ಅದರ ಅಗಲವನ್ನು ಅಳೆಯುತ್ತದೆ. ಅದರ ಬಿಡಿ ಸಂಕೇತಗಳ ಅಗಲವನ್ನೂ ಒಂದೊಂದಾಗಿ ಅಳೆದು ಕೂಡುತ್ತದೆ. ಲಕಾರ ಒತ್ತಾಗಿ ಕೆಳಗಿಳಿದಿದ್ದರೆ ಕೂಡಿದ ರೂಪದ ಅಗಲ ಕಡಮೆಯಾಗಲೇಬೇಕು. ಎರಡೂ ಸಮವಾದರೆ ಜೋಡಣೆ ನಡೆದಿಲ್ಲವೆಂದು ತಿಳಿದು, ಈ ಯಂತ್ರದಲ್ಲಿ ಕನ್ನಡ ಒತ್ತಕ್ಷರ ಮೂಡದೆಂದು ಕನ್ನಡದಲ್ಲಿಯೇ ತಿಳಿಸಿ ನಿಲ್ಲುತ್ತದೆ. ಪರೀಕ್ಷೆಗೆ ಯಾವ ಪದವನ್ನಿಡಬೇಕೆಂಬ ಮಾತು ಬಂದಾಗ ನಮ್ಮ ಜಿಲ್ಲೆಯ ಐದು ತಾಲ್ಲೂಕುಗಳ ಹೆಸರುಗಳನ್ನು ಬರೆದು ನೋಡಿದೆವು. ಚಾಮರಾಜನಗರ, ಯಳಂದೂರು, ಹನೂರು ಇವುಗಳಲ್ಲಿ ಒತ್ತಿಲ್ಲ. ಯಾವ ಕೆಟ್ಟ ಯಂತ್ರವೂ ಇವುಗಳ ಮುಂದೆ ತೇರ್ಗಡೆಯಾಗಿಬಿಡುತ್ತದೆ. ಕೊಳ್ಳೇಗಾಲದಲ್ಲಿ ಸಜಾತೀಯ ಒತ್ತು, ಗುಂಡ್ಲುಪೇಟೆಯಲ್ಲಿ ವಿಜಾತೀಯ ಒತ್ತು. ಎರಡನ್ನೂ ಇಟ್ಟು, ಅರ್ಕಾವತ್ತಿಗಾಗಿ 'ಧರ್ಮ' ಎಂಬುದನ್ನೂ ಸೇರಿಸಲಾಗಿದೆ.

ಶಾಲೆಯ ಯಂತ್ರಕ್ಕೆ ಫ್ರೀಬೀಡಿಯನ್ನು ತಂದು ಕೂಡಿಸಿದ ಮೇಲೆ ಮುರಿದಿದ್ದ ಪತ್ರಗಳನ್ನೆಲ್ಲ ಮತ್ತೆ ಮುದ್ರಿಸಿದೆವು. ಏಳನೆಯ ತರಗತಿಯ ಆ ಬಾಲಕಿ ಹೊಸ ಪತ್ರವನ್ನು ಕೈಗೆ ತೆಗೆದುಕೊಂಡು, ಹೆಸರಿನ ಮೇಲೆ ಬೆರಳಾಡಿಸಿ, ನೋಟುಪುಸ್ತಕವನ್ನು ಮತ್ತೆ ತಿದ್ದಬೇಕೇ ಎಂದು ಕೇಳಿದಳು. ಹೊಸ ರಟ್ಟನ್ನೇ ಹಾಕಿಸಿಕೊಟ್ಟೆ.